ಮದ್ದಿನ ಬೆನ್ನಿಗೆ ಬಂದ ಆಪತ್ತು

ನನ್ನ ಸೋದರಮಾವ ಇಳಕಲ್ಲದಲ್ಲಿ ಕುಣಿಮಗ್ಗದ ಮೇಲೆ ಸೀರೆ ನೆಯ್ದು ಬಾಳಿದವರು, ಸೆರೆಯನ್ನು ಮುಟ್ಟಿದವರಲ್ಲ. ಕೆಲವು ವರ್ಷಗಳ ಹಿಂದೆ ಬನದ ಹುಣ್ಣಿಮೆಗೆ ಹುನಗುಂದದ ಹಾದಿಯಾಗಿ ಬಾದಾಮಿಗೆ ಬಂದರು. ಬಾಗಲಕೋಟೆಯಿಂದ ಹೋಗಿ ನಾನೂ ಕೂಡಿಕೊಂಡೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬೆಳಿಗ್ಗೆಯೇ ನುಂಗಿದ್ದರು. ಬನಶಂಕರಿಯ ದರ್ಶನವಾಗುವ ತನಕ ಊಟ ಒಲ್ಲೆನೆಂದಿದ್ದರು. ಮಧ್ಯಾಹ್ನಕ್ಕೆ ಕೈ ನಡುಗಿ, ಮೈ ಬೆವೆತು, ಮಾತು ತೊದಲಿತು. "ಕುಡದಾನ" ಎಂದು ಸುತ್ತಲಿನವರು ನಕ್ಕರು. ನಾನು ನಾಚಿ ತಲೆ ತಗ್ಗಿಸಿದೆ. ಬೆಂಡು-ಬತ್ತಾಸಿನ ಅಂಗಡಿಯ ಮುದುಕಿಯೊಬ್ಬಳು ಸಕ್ಕರೆನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಮಾವ ನನ್ನ ಹೆಸರು ಹಿಡಿದು ಕರೆದರು.

ಕನ್ನಡದ ಮೇಷ್ಟರಾದ ನಾನು ಇದಕ್ಕೊಂದು ಹಳೆಯ ಹೆಸರು ಹುಡುಕಿದೆ. ಮಧುಮೇಹವೆಂಬ ಮಾತು ಪ್ರಾಚೀನ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆಯೇ ಹೇಳಿದೆ. ಆದರೆ ಮಧುಮೇಹಿಯ ರಕ್ತದಲ್ಲಿ ಸಕ್ಕರೆ ಕುಸಿಯುವುದಕ್ಕೆ ಹಳೆಯ ಹೆಸರು ಇರುವುದಾದರೂ ಹೇಗೆ? ಈ ಆಪತ್ತು ಬಹುಮಟ್ಟಿಗೆ ಮದ್ದಿನೊಡನೆ ಹುಟ್ಟಿದ್ದು.

1921-22ರ ಚಳಿಗಾಲದಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರೊಡನೆ ದುಡಿಯುತ್ತಿದ್ದ ಕಾಲಿಪ್, ಇನ್ಸುಲಿನ್ನನ್ನು ಮೊಲಗಳಿಗೆ ಚುಚ್ಚಿ ಪರೀಕ್ಷಿಸಿದನು. ಕೆಲವು ಸೆಳೆತ ಬಂದು ಬಿದ್ದವು; ಗ್ಲೂಕೋಸ್ ಕೊಟ್ಟಾಗ ಎದ್ದವು. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ವಿಷಮಶೀತ ಜ್ವರಕ್ಕೆ ಕೊಟ್ಟ ಸಲ್ಫಾ ಔಷಧವೊಂದು ರೋಗಿಗಳ ಸಕ್ಕರೆಯನ್ನೇ ಇಳಿಸಿತು, ಕೆಲವರು ಸತ್ತರು. ಆ ಸುಳಿವು ಹಿಡಿದೇ 1950ರ ದಶಕದಲ್ಲಿ ಸಲ್ಫೊನಿಲ್ಯೂರಿಯಾ ಗುಳಿಗೆಗಳು ಬಂದವು. ಮಾವ ನುಂಗಿದ್ದೂ ಆ ಜಾತಿಯದೇ.

ಮೆದುಳು ಮೈತೂಕದಲ್ಲಿ ಶೇಕಡಾ 2ರಷ್ಟು. ಮೈಯ ಶಕ್ತಿಯಲ್ಲಿ ಅದು ಉಣ್ಣುವುದು ಶೇಕಡಾ 20ರಷ್ಟು. ಕೂಡಿಟ್ಟ ಕಣಜವೆಂಬುದು ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದಾಗ ನರಗಳು ನಡುಕ, ಬೆವರುಗಳ ಮೂಲಕ ಕೂಗುತ್ತವೆ. 54ಕ್ಕಿಂತ ಇಳಿದರೆ ಬುದ್ಧಿಯೇ ಮಂಕಾಗಬಹುದು. ಮೇಲಿಂದ ಮೇಲೆ ಕುಸಿಯುತ್ತಿದ್ದರೆ ಆ ಕೂಗೂ ಅಡಗುತ್ತದೆ. ತೀವ್ರ ಕುಸಿತ ಬಹುಹೊತ್ತು ಉಳಿದರೆ ಮೆದುಳಿಗೆ ಮಾಯದ ಪೆಟ್ಟು ಬೀಳಬಹುದು. ಎಚ್ಚರವಿದ್ದವರಿಗೆ 15 ಗ್ರಾಂ ಸಕ್ಕರೆ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮಾವ ಈಗಲೂ ಜಾತ್ರೆಗೆ ಹೋಗುತ್ತಾರೆ. ಉಂಡೇ ಹೋಗುತ್ತಾರೆ, ಜೇಬಿನಲ್ಲಿ ಬತ್ತಾಸು ಇಟ್ಟುಕೊಂಡು. ದಾರಿಯಲ್ಲಿ ಯಾರಾದರೂ ತೊದಲುವುದು ಕಂಡರೆ ನಾನೀಗ ತಲೆ ತಗ್ಗಿಸುವುದಿಲ್ಲ. ನಮ್ಮ ಸೀಮೆಯ ಹಳೆಯ ಮಾತನ್ನೇ ಮೊದಲು ಕೇಳುತ್ತೇನೆ: "ಊಟ ಆತೇನ್ರಿ?"