ಅರವಟ್ಟಿಗೆಯೂ ಲಾಭದ ಲೆಕ್ಕವೂ

ವಿನೋದವನ್ನು ಮಾರುವವನಿಗೆ ಲಾಭ ಬರುವುದು ಎಲ್ಲಿಂದ? ಉಯ್ಯಾಲೆಯಿಂದ, ರಂಕಲರಾಟೆಯಿಂದ, ತೆರೆಯ ಮೇಲಿನ ಚಿತ್ರದಿಂದ ಎಂದು ನಾವು ಥಟ್ಟನೆ ಉತ್ತರ ಹೇಳಿಬಿಡುತ್ತೇವೆ. ವ್ಯಾಪಾರದ ಒಳಗುಟ್ಟು ಬಲ್ಲವರು ಹಾಗೆ ಹೇಳುವುದಿಲ್ಲ. ನೋಡಲು ಬಂದವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ಕಾಲು ಸೋಲುತ್ತದೆ, ಮಳೆ ಬಂದರೆ ತಲೆ ನೆನೆಯುತ್ತದೆ. ಹೇಳಲು ಸಂಕೋಚವಾಗುವ ಇನ್ನೊಂದು ಅವಸರವೂ ಉಂಟಾಗುತ್ತದೆ. ಇವುಗಳಲ್ಲಿ ಯಾವುದಕ್ಕೆ ಬೆಲೆ ಕಟ್ಟಬೇಕು, ಯಾವುದನ್ನು ಪುಕ್ಕಟೆಯಾಗಿ ಕಳೆಯಬೇಕು ಎಂಬ ಪ್ರಶ್ನೆಗೆ ಒಂದು ದೀರ್ಘವಾದ ಇತಿಹಾಸವಿದೆ. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನ ದಂಡಿನಲ್ಲಿಯೇ ನಡೆದಿದೆ.

ಇಂದಿನ ಹುಡುಗರು ಈ ಪ್ರಶ್ನೆಯನ್ನು ಆಟವಾಗಿಯೇ ಆಡುತ್ತಾರೆ. ನಾನು ಪಾಠ ಹೇಳುವುದು ಕನ್ನಡವನ್ನಾದರೂ ವಿದ್ಯಾರ್ಥಿಗಳ ಸಹವಾಸದಿಂದ ಈ ಕಂಪ್ಯೂಟರ್ ಆಟಗಳ ಪರಿಚಯ ನನಗೂ ಆಯಿತು. ವಿನೋದದ ಉದ್ಯಾನವೊಂದನ್ನು ಕಟ್ಟಿ, ಜನರನ್ನು ಬರಮಾಡಿಕೊಂಡು, ನಷ್ಟವಾಗದಂತೆ ನಡೆಸುವುದು ಇವುಗಳ ಗುರಿ. ೧೯೯೪ರಲ್ಲಿ ಇಂಗ್ಲೆಂಡಿನ ಬುಲ್‌ಫ್ರಾಗ್ ಸಂಸ್ಥೆಯವರು ಪೀಟರ್ ಮಾಲಿನ್ಯೂ ಅವರ ಮುಂದಾಳುತನದಲ್ಲಿ ‘ಥೀಮ್ ಪಾರ್ಕ್’ ಎಂಬ ಆಟವನ್ನು ಹೊರತಂದರು. ಅದರಲ್ಲಿ ಕರಿದ ಆಲೂಗಡ್ಡೆಗೆ ಎಷ್ಟು ಉಪ್ಪು ಬೀಳಬೇಕೆಂಬುದನ್ನು ಆಡುವವನೇ ನಿಶ್ಚಯಿಸಬಹುದು. ಉಪ್ಪು ಹೆಚ್ಚಿದರೆ ತಿಂದವನಿಗೆ ದಾಹ; ಪಕ್ಕದಲ್ಲಿಯೇ ಪಾನೀಯದ ಅಂಗಡಿ; ಅಲ್ಲಿಯ ಲೋಟದಲ್ಲಿ ಮಂಜುಗಡ್ಡೆ ಎಷ್ಟಿರಬೇಕೆಂಬುದೂ ಅವನ ಕೈಯಲ್ಲೇ.

೧೯೯೯ರಲ್ಲಿ ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಎಂಬವರು ‘ರೋಲರ್‌ಕೋಸ್ಟರ್ ಟೈಕೂನ್’ ಎಂಬ ಇನ್ನೊಂದು ಆಟವನ್ನು ರಚಿಸಿದರು. ಇದರಲ್ಲಿ ಒಬ್ಬೊಬ್ಬ ಅತಿಥಿಯ ಹಸಿವು, ದಾಹ, ಆಯಾಸ, ಓಕರಿಕೆ, ಶೌಚದ ಅವಸರ, ಜೇಬಿನಲ್ಲಿ ಉಳಿದ ಹಣ ಎಲ್ಲವನ್ನೂ ಆಟಗಾರ ತೆರೆದು ನೋಡಬಹುದು. ಬಿಸಿಲಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಕೊಡೆ, ಮಳೆ ಹನಿಯುತ್ತಲೇ ಬೆಲೆ ಏರಿಸಿದರೂ ಬಿಕರಿಯಾಗುತ್ತದೆ. ಶೌಚಾಲಯಕ್ಕೂ ದರ ಇಡಬಹುದು. ಜಾಣನಾದ ಆಟಗಾರ ಈ ಉಪಾಯಗಳನ್ನು ಬೇಗ ಕಲಿಯುತ್ತಾನೆ. ಇನ್ನೂ ಜಾಣನಾದವನು ಮತ್ತೊಂದನ್ನು ಕಲಿಯುತ್ತಾನೆ. ದಾಹ ತೀರದಿದ್ದರೆ, ಕುಳಿತುಕೊಳ್ಳಲು ಬೆಂಚು ಇಲ್ಲದಿದ್ದರೆ, ಶೌಚಾಲಯ ದೂರವಾದರೆ ಅತಿಥಿಯ ಉತ್ಸಾಹ ಬಾಡುತ್ತದೆ; ಜೇಬಿನಲ್ಲಿ ಹಣವಿರುವಾಗಲೇ ಅವನು ಮನೆಯ ದಾರಿ ಹಿಡಿಯುತ್ತಾನೆ. ಬೆಂಚಿನಿಂದ ಒಂದು ಕಾಸೂ ಹುಟ್ಟುವುದಿಲ್ಲ. ಆದರೆ ಬೆಂಚಿನ ಮೇಲೆ ದಣಿವಾರಿಸಿಕೊಂಡವನು ಇನ್ನೂ ಎರಡು ಆಟ ಆಡುತ್ತಾನೆ.

ಈ ಲೆಕ್ಕವನ್ನು ಆಟ ರಚಿಸಿದವರು ತಾವಾಗಿ ಕಲ್ಪಿಸಿದ್ದಲ್ಲ. ೧೮೫೧ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆಯೊಂದನ್ನು ನಿಲ್ಲಿಸಿ ಮಹಾಪ್ರದರ್ಶನವನ್ನು ನಡೆಸಿದರು. ೧೮೮೯ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮಾದರಿ. ಆ ಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಎಂಬ ಕೊಳಾಯಿ ಕೆಲಸದ ನಿಪುಣ ಶೌಚಗೃಹಗಳನ್ನು ಕಟ್ಟಿ, ತಲೆಗೆ ಒಂದು ಪೆನ್ನಿಯಂತೆ ಹಣ ಪಡೆದ. ೮,೨೭,೨೮೦ ಜನ ಕೊಟ್ಟು ಹೋದರೆಂದು ಲೆಕ್ಕ. ಷ್ವೆಪ್ಸ್ ಕಂಪೆನಿಯವರು ತಿಂಡಿ ತೀರ್ಥಗಳ ಗುತ್ತಿಗೆ ಹಿಡಿದು ಹತ್ತು ಲಕ್ಷಕ್ಕೂ ಮಿಕ್ಕಿ ಬಾಟಲಿಗಳನ್ನು ಮಾರಿದರು. ಗಾಜಿನ ಅರಮನೆ ಸಿಡನ್‌ಹ್ಯಾಮಿಗೆ ಸ್ಥಳಾಂತರವಾದಾಗ ಶೌಚಗೃಹಗಳು ಬೇಡವೆಂದವರೂ ಇದ್ದರು. ಜೆನ್ನಿಂಗ್ಸ್ ಹಟ ಹಿಡಿದು ಉಳಿಸಿದ. ಮುಂದೆ ಅವು ವರ್ಷಕ್ಕೆ ಸಾವಿರ ಪೌಂಡಿಗೂ ಹೆಚ್ಚು ವರಮಾನ ತಂದವು. ಸೌಕರ್ಯವನ್ನು ಖರ್ಚಿನ ಬಾಬಿನಿಂದ ಆದಾಯದ ಬಾಬಿಗೆ ಬರೆದುಕೊಳ್ಳಬಹುದೆಂಬುದು ಅಂದಿಗೇ ಸಿದ್ಧವಾಯಿತು.

ಇನ್ನು ನಮ್ಮ ದಂಡಿಗೆ ಬರೋಣ. ೧೮೦೯ರಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಇಂಗ್ಲಿಷರ ಕೈಯಲ್ಲೇ ಉಳಿಯಿತು. ೧೯೪೭ರ ಜುಲೈ ೨೬ರಂದು ಅದು ಮೈಸೂರಿಗೆ ಸೇರಿತು. ಸಂಜೆಯ ಹೊತ್ತು ಬಿಡುವಾಗಿರುವ ಸಿಪಾಯಿಗಳಿರುವಲ್ಲಿ ವಿನೋದದ ವ್ಯಾಪಾರಕ್ಕೆ ಕೊರತೆಯಿಲ್ಲ. ವಿನೋದವಿದ್ದಲ್ಲಿ ಬಾಯಾರಿಕೆ, ಆದರೆ ಕೆರೆ ಬಾವಿಗಳ ನೀರು ನಂಬುವಂಥದಲ್ಲ. ಹೆಸರಘಟ್ಟದ ನೀರು ಕೊಳವೆಗಳಲ್ಲಿ ಬೆಂಗಳೂರಿಗೆ ಹರಿದು ಬಂದದ್ದು ೧೮೯೬ರಲ್ಲಿ. ಅಂಥ ಕಾಲದಲ್ಲಿ ಸೋಡಾ ಮಾರುವವನು ಬಾಯಾರಿಕೆಯ ಜೊತೆಗೆ ಕಾಯಿಲೆಯ ಭಯವನ್ನೂ ತೀರಿಸುತ್ತಿದ್ದ. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ೧೮೭೨ರಲ್ಲಿ ಹಕ್ಕುಪತ್ರ ಪಡೆದ ಗೋಲಿಯ ಬಾಟಲಿ ನಮ್ಮಲ್ಲಿ ‘ಗೋಲಿ ಸೋಡಾ’ ಆಗಿ ನೆಲೆಗೊಂಡಿತು. ಕುಡಿದವನು ಬಾಟಲಿ ಹಿಂತಿರುಗಿಸುವವರೆಗೆ ಮಾರುವ ಹುಡುಗ ಎದುರಿಗೇ ನಿಂತಿರುತ್ತಿದ್ದ. ಒಳಗಿನ ನೀರಿಗಿಂತ ಹೊರಗಿನ ಗಾಜೇ ಅವನಿಗೆ ಬೆಲೆಯುಳ್ಳದ್ದು.

ಆಮೇಲೆ ಸಿನಿಮಾ ಬಂತು. ಶಿವಾಜಿನಗರದ ಎಲ್ಗಿನ್, ಫ್ರೇಜರ್ ಟೌನಿನ ಎವರೆಸ್ಟ್, ೧೯೩೬ರಲ್ಲಿ ತೆರೆದ ಪ್ಲಾಜಾ, ಹಲಸೂರಿನ ಅಂಚಿನ ಲಿಡೋ, ಇವುಗಳ ಹೆಸರು ಹೇಳಿದರೆ ಹಳಬರ ಮುಖ ಅರಳುತ್ತದೆ. ಇಂಥ ಚಿತ್ರಮಂದಿರಗಳ ಜಮಾಖರ್ಚಿನಲ್ಲಿ ಒಂದು ಸ್ವಾರಸ್ಯವಿತ್ತು. ಟಿಕೆಟಿನ ಹಣವೆಲ್ಲ ಮಾಲೀಕನದಲ್ಲ. ೧೯೫೮ರ ಕಾಯಿದೆಯಂತೆ ಮನರಂಜನಾ ತೆರಿಗೆ ಸರ್ಕಾರಕ್ಕೆ; ಉಳಿದುದರಲ್ಲಿ ಚಿತ್ರದವರಿಗೂ ಪಾಲು. ಕ್ಯಾಂಟೀನು ಮತ್ತು ಸೈಕಲ್ ಸ್ಟ್ಯಾಂಡಿನ ಗುತ್ತಿಗೆಯ ಹಣದಲ್ಲಾದರೋ ಚಿತ್ರದವರಿಗೆ ಪಾಲಿರಲಿಲ್ಲ. ಚಿತ್ರ ಬಿದ್ದು ಹೋದರೂ ಒಳಗೆ ಬಂದವನಿಗೆ ಬಾಯಾರುವುದು ತಪ್ಪುವುದಿಲ್ಲವಷ್ಟೆ! ಇಂಟರ್‌ವಲ್ಲಿನ ಗಂಟೆಯಾದೊಡನೆ ಕಡಲೆಕಾಯಿ, ಸಮೋಸ, ಸೋಡಾ, ಕಲರ್ ಎಂಬ ಕೂಗು ಏಳುತ್ತಿದ್ದುದು ಈ ಅರ್ಥಶಾಸ್ತ್ರದಿಂದಲೇ. ಆದರೂ ನಾನು ಬಾಲ್ಯದಲ್ಲಿ ಕಂಡ ಟಾಕೀಸುಗಳ ಮೂಲೆಯಲ್ಲಿ ನೀರಿನ ತೊಟ್ಟಿಯೊಂದು ಇರುತ್ತಿತ್ತು. ಅದರ ನಲ್ಲಿಗೆ ಸರಪಳಿ ಕಟ್ಟಿದ ಲೋಟ. ಕಲರ್ ಕೊಳ್ಳಲು ಕಾಸಿಲ್ಲದವನೂ ಚಿತ್ರದ ಉತ್ತರಾರ್ಧವನ್ನು ಒಣ ಬಾಯಲ್ಲಿ ನೋಡಬೇಕಾಗಿರಲಿಲ್ಲ.

ಆ ತೊಟ್ಟಿಗೆ ಹಿರಿಯ ವಂಶಾವಳಿಯೇ ಉಂಟು. ‘ಅರವಟ್ಟಿಗೆ’ ಎಂಬ ನಮ್ಮ ಮಾತನ್ನು ಬಿಡಿಸಿ ನೋಡಿದರೆ ಮೊದಲು ಸಿಗುವುದು ಹಳಗನ್ನಡದ ‘ಅಱ’. ಅದರ ಅರ್ಥ ಧರ್ಮ. ತಮಿಳಿನ ‘ಅರಂ’ ಅದರ ಒಡಹುಟ್ಟು. ದಾರಿಹೋಕರಿಗೆ ನೀರು ಮಜ್ಜಿಗೆಗಳನ್ನು ಧರ್ಮಕ್ಕೆ ಕೊಡುವ ಚಪ್ಪರವೇ ಅರವಟ್ಟಿಗೆ. ರಾಮನವಮಿಯ ದಿನ ಬೆಂಗಳೂರಿನ ಬೀದಿ ಬೀದಿಗಳಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿಗಳನ್ನು ಹಂಚುವುದು ಇದರದೇ ಮುಂದುವರಿಕೆ. ಹಲಸೂರಿನ ಸೋಮೇಶ್ವರನ ತೇರಿಗೂ, ಸೆಪ್ಟೆಂಬರ್ ೮ರಂದು ಶಿವಾಜಿನಗರದ ಸೇಂಟ್ ಮೇರಿ ಚರ್ಚಿನ ಹಬ್ಬಕ್ಕೂ ಸೇರುವ ಜನಸಂದಣಿಯ ನಡುವೆ ನಿಂತು ನೋಡಿದವರಿಗೆ ನೀರು ಕೊಡುವ ಕೈಯ ಬೆಲೆ ಗೊತ್ತು.

ಅರವಟ್ಟಿಗೆ ಇಟ್ಟವರೆಲ್ಲ ಲೆಕ್ಕ ತಿಳಿಯದ ಸಾಧುಗಳೆಂದು ಮಾತ್ರ ಭಾವಿಸಬಾರದು. ಅನೇಕ ಕಡೆ ಚಪ್ಪರ ಹಾಕಿಸುವವರು ಆ ಬೀದಿಯ ವರ್ತಕರೇ. ಪುಣ್ಯದ ಆಸೆ ಒಂದು ಕಡೆ. ಬಾಯಾರಿದ ಜನ ಮನೆಗೆ ಹೋಗುತ್ತಾರೆ, ದಣಿವಾರಿದ ಜನ ಬೀದಿಯಲ್ಲಿ ಉಳಿಯುತ್ತಾರೆ ಎಂಬ ಅನುಭವ ಇನ್ನೊಂದು ಕಡೆ. ಕಂಪ್ಯೂಟರಿನ ಬೆಂಚು ಹೇಳುವ ಪಾಠವನ್ನು ನಮ್ಮ ಪೇಟೆಯ ಶೆಟ್ಟರು ಬಹಳ ಹಿಂದೆಯೇ ಬಲ್ಲರು.

ಅಮೆರಿಕದ ವಾಲ್ಟ್ ಡಿಸ್ನಿ ಈ ಪಾಠವನ್ನು ಕಷ್ಟದಿಂದ ಕಲಿತ. ೧೯೫೫ರ ಜುಲೈ ೧೭ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ಕಾರಂಜಿಗಳು, ಶೌಚಾಲಯಗಳು ಇವೆರಡರಲ್ಲಿ ಒಂದನ್ನು ಮಾತ್ರ ಸಿದ್ಧಪಡಿಸಲು ಸಾಧ್ಯವಿತ್ತು. ಡಿಸ್ನಿ ಶೌಚಾಲಯಗಳನ್ನು ಆರಿಸಿದ. ಉರಿಬಿಸಿಲು, ಕಾರಂಜಿಗಳಲ್ಲಿ ಹನಿ ನೀರಿಲ್ಲ, ಅಂಗಡಿಗಳಲ್ಲಿ ಪೆಪ್ಸಿ ಮಾರಾಟ. ಪಾನೀಯ ಮಾರುವುದಕ್ಕಾಗಿಯೇ ನೀರು ನಿಲ್ಲಿಸಿದರೆಂದು ಜನ ದೂರಿದರು. ಅವನ ಉದ್ದೇಶ ಅದಲ್ಲವಾದರೂ ಜನರ ಸಂಶಯ ಸಹಜವಾಗಿಯೇ ಇತ್ತು. ನೀರು ಮುಚ್ಚಿದ ಕಡೆ ಪಾನೀಯ ಮಾರುವವನನ್ನು ಲೋಕ ಎಂದೂ ನಂಬುವುದಿಲ್ಲ.

ಈಗ ದಂಡಿನ ಮುಖವೇ ಬದಲಾಗಿದೆ. ಪ್ಲಾಜಾ ಇದ್ದ ಕಡೆ ಮೆಟ್ರೋ ನಿಲ್ದಾಣ. ಲಿಡೋ ಇದ್ದ ಕಡೆ ಮಾಲು. ಇಂದಿರಾನಗರದ ನೂರಡಿ ರಸ್ತೆಯ ಪಬ್ಬುಗಳಿಂದ ಹಿಡಿದು ಕೃಷ್ಣರಾಜಪುರದ ಆಚೀಚಿನ ಮಾಲುಗಳವರೆಗೆ ಅದೇ ಹಳೆಯ ಲೆಕ್ಕ ಹೊಸ ವೇಷದಲ್ಲಿ ನಡೆದಿದೆ. ಬಿಯರಿನ ಜೊತೆ ಪುಕ್ಕಟೆಯಾಗಿ ಬರುವ ಉಪ್ಪು ಖಾರದ ಕಡಲೆಬೀಜವನ್ನು ಯಾರೂ ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಬುಲ್‌ಫ್ರಾಗಿನವರ ಉಪ್ಪಿನ ಡಬ್ಬಿ ಅದು. ಮಾಲಿನಲ್ಲಿ ಶೌಚಾಲಯಕ್ಕೆ ಕಾಸಿಲ್ಲ, ತಂಪುಗಾಳಿಗೆ ಕಾಸಿಲ್ಲ. ಆದರೆ ಊಟದ ಅಂಗಣ ಸಾಮಾನ್ಯವಾಗಿ ಮೇಲಿನ ಅಂತಸ್ತಿನಲ್ಲಿ. ಹಸಿದವನು ಎಲ್ಲ ಅಂಗಡಿಗಳನ್ನೂ ಹಾದು ಹೋಗಲೇಬೇಕು. ಬಹುತೆರೆಯ ಚಿತ್ರಮಂದಿರಗಳನ್ನು ನಡೆಸುವ ದೊಡ್ಡ ಕಂಪೆನಿಗಳಿಗಂತೂ ತಿಂಡಿ ಪಾನೀಯಗಳಿಂದ ಬರುವ ಹಣ ಒಟ್ಟು ವರಮಾನದ ಕಾಲುಭಾಗವನ್ನು ಮೀರಿದೆ. ಟಾಕೀಸಿನ ಕ್ಯಾಂಟೀನು ಇಷ್ಟು ಎತ್ತರಕ್ಕೆ ಬೆಳೆದಿದೆ.

ಬೆಳೆದದ್ದು ನ್ಯಾಯಾಲಯದ ಬಾಗಿಲಿಗೂ ಮುಟ್ಟಿತು. ೨೦೧೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೋಟೆಲುಗಳು ಬಾಟಲಿಯ ನೀರನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಬಹುದೆಂದಿತು. ಅಲ್ಲಿ ಕುಳಿತುಕೊಳ್ಳುವ ಸುಖವೂ ಸೇವೆಯೂ ಬೆಲೆಯಲ್ಲಿ ಸೇರಿವೆಯೆಂಬುದು ಕಾರಣ. ೨೦೨೩ರ ಜನವರಿ ೩ರಂದು ಅದೇ ನ್ಯಾಯಾಲಯ, ಚಿತ್ರಮಂದಿರದವರು ಹೊರಗಿನ ತಿಂಡಿಯನ್ನು ತಡೆಯಬಹುದೆಂದು ಒಪ್ಪಿಕೊಂಡು, ಜೊತೆಯಲ್ಲಿಯೇ ಎರಡು ಗೆರೆಗಳನ್ನು ಎಳೆಯಿತು. ಶುದ್ಧವಾದ ಕುಡಿಯುವ ನೀರನ್ನು ಪುಕ್ಕಟೆಯಾಗಿ ಕೊಡಬೇಕು. ಕೂಸಿಗೆಂದು ತಾಯಿತಂದೆಯರು ತಂದ ಆಹಾರವನ್ನು ಬಿಡಬೇಕು. ಸರಪಳಿಯ ಲೋಟಕ್ಕೆ ಕಾನೂನಿನ ಬಲ ಬಂತು.

ನೀರಿಗೆ ಗೆರೆ ಎಳೆದಷ್ಟು ಸ್ಪಷ್ಟವಾಗಿ ಶೌಚಾಲಯಕ್ಕೆ ಇನ್ನೂ ಎಳೆದಿಲ್ಲ. ಬಿಂದೇಶ್ವರ ಪಾಠಕರ ಸುಲಭ ಸಂಸ್ಥೆ ೧೯೭೪ರಲ್ಲಿ ಪಾಟ್ನಾದಲ್ಲಿ ಕಾಸು ಕೊಟ್ಟು ಬಳಸುವ ಶೌಚಾಲಯವನ್ನು ನಡೆಸಿ ತೋರಿಸಿತು. ಚೊಕ್ಕಟವಾಗಿಡಲು ಹಣ ಬೇಕು, ಬಳಸುವವರು ಸ್ವಲ್ಪ ಕೊಡಲಿ ಎಂಬ ವಾದ ತೆಗೆದುಹಾಕುವಂಥದಲ್ಲ. ಆದರೆ ಅನೇಕ ಊರುಗಳಲ್ಲಿ ಈ ಪದ್ಧತಿ ಗಂಡಸರಿಗೆ ಮೂತ್ರ ವಿಸರ್ಜನೆ ಪುಕ್ಕಟೆ, ಹೆಂಗಸರಿಗೆ ಮಾತ್ರ ಕಾಸು ಎಂಬ ಅನ್ಯಾಯಕ್ಕೆ ತಿರುಗಿತು. ೨೦೧೧ರಲ್ಲಿ ಮುಂಬಯಿಯ ಮಹಿಳಾ ಕಾರ್ಯಕರ್ತರು ಇದರ ವಿರುದ್ಧ ಚಳವಳಿಯನ್ನೇ ಹೂಡಬೇಕಾಯಿತು.

ಆಟಕ್ಕೂ ಊರಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಆಟದ ಅತಿಥಿಗಳಲ್ಲಿ ಮುದುಕರಿಲ್ಲ, ಬಸುರಿಯರಿಲ್ಲ, ಮಧುಮೇಹಿಗಳಿಲ್ಲ. ದರ ಹೆಚ್ಚಾಯಿತೆಂದರೆ ಅವರು ಗೊಣಗಿ ಹೊರಟುಹೋಗುತ್ತಾರೆ, ಆಟಗಾರ ದರ ಇಳಿಸುತ್ತಾನೆ, ಅಲ್ಲಿಗೆ ಮುಗಿಯಿತು. ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಹೂವೋ ಸೊಪ್ಪೋ ಮಾರುವ ಹೆಂಗಸು ಎಲ್ಲಿಗೂ ಹೊರಟುಹೋಗಲಾರಳು. ಆಕೆ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಯಾವ ಜಮಾಖರ್ಚಿನ ಪುಸ್ತಕದಲ್ಲೂ ಆ ನಷ್ಟ ಬರೆಯಲ್ಪಡುವುದಿಲ್ಲ.

ಲಾಭ ಪಾಪವಲ್ಲ, ಲಾಭವಿಲ್ಲದೆ ಯಾವ ವಿನೋದದ ತೋಟವೂ ನಡೆಯದು. ಬೇಡವೆನ್ನಲು ಸ್ವಾತಂತ್ರ್ಯವಿರುವ ವಸ್ತುವಿಗೆ ಮಾರುವವನು ತನಗೆ ತೋರಿದ ಬೆಲೆ ಇಡಲಿ. ಐಸ್‌ಕ್ರೀಮು, ಬಣ್ಣದ ಬುಗ್ಗೆ, ಬೇಕಾದರೆ ಮಳೆಗಾಲದ ಕೊಡೆಯೂ ಆ ಗುಂಪಿಗೆ ಸೇರಲಿ. ಬೇಡವೆನ್ನಲಾರದ ದೇಹದ ಅವಸರಕ್ಕೆ ಬೆಲೆ ಇಟ್ಟರೆ ಅದಕ್ಕೆ ವ್ಯಾಪಾರವೆಂಬ ಹೆಸರು ಒಪ್ಪುವುದಿಲ್ಲ. ನೀರಿನ ಮತ್ತು ಶೌಚದ ಖರ್ಚನ್ನು ಬಾಗಿಲ ಟಿಕೆಟಿನಲ್ಲೋ, ಅಂಗಡಿಯ ಬಾಡಿಗೆಯಲ್ಲೋ, ಊರಿನ ತೆರಿಗೆಯಲ್ಲೋ ಸೇರಿಸಿ ಎಲ್ಲರೂ ಹಂಚಿಕೊಳ್ಳುವುದು ಮೇಲು. ಪೇಟೆಯ ವರ್ತಕರು ರಾಮನವಮಿಯ ಒಂದು ದಿನ ಮಾಡುವುದನ್ನು ವರ್ಷವೆಲ್ಲ ಮಾಡುವ ಏರ್ಪಾಡು ಅದು. ಅದರಿಂದ ಅವರ ಗಲ್ಲಾಪೆಟ್ಟಿಗೆ ಬರಿದಾದದ್ದನ್ನು ನಾನಂತೂ ಕಂಡಿಲ್ಲ.