ಹುರಿಟ್ಟಿನಿಂದ ಮ್ಯಾಗಿವರೆಗೆ

ನಮ್ಮೂರು ಕೆ. ಹೊಸಕೋಟೆ ಅಂದರೆ ಆಫೀಸಿನಲ್ಲಿ ಯಾರಿಗೂ ಗೊತ್ತಾಗಲ್ಲ. ಹಾಸನ ಜಿಲ್ಲೆ, ಆಲೂರು ತಾಲ್ಲೂಕು ಅಂದರೂ ಸುಮ್ಮನೆ ತಲೆ ಆಡಿಸ್ತಾರೆ. ‘ಸಕಲೇಶಪುರದ ಹತ್ರ’ ಅಂದ ತಕ್ಷಣ ಮುಖ ಅರಳುತ್ತೆ. ಆಮೇಲಿನ ಪ್ರಶ್ನೆ ನನಗೆ ಬಾಯಿಪಾಠ: ‘ಈ ವೀಕೆಂಡ್ ಟೆಂಟ್ ಹಾಕೋಕೆ ಆ ಕಡೆ ಬರ್ತಿದೀವಿ ಗುರೂ, ಬೆಂಕಿ ಮೇಲೆ ಸುಲಭವಾಗಿ ಏನು ಮಾಡ್ಕೋಬಹುದು ಹೇಳು.’

ಹೇಳ್ತೀನಿ. ಆದರೆ ಅದಕ್ಕೂ ಮೊದಲು ಆ ‘ಸುಲಭವಾಗಿ’ ಅನ್ನೋ ಪದದ ಬಗ್ಗೆ ಸ್ವಲ್ಪ ಮಾತಾಡಬೇಕು. ಬಯಲಲ್ಲಿ ಮೂರು ಕಲ್ಲು ಹೂಡಿ ಮಾಡೋ ಅಡುಗೆ ಸುಲಭ ಆಗಬೇಕಾದರೆ, ಅದರ ಕಷ್ಟದ ಭಾಗವನ್ನ ಯಾರೋ ಮೊದಲೇ ಬೇರೆಲ್ಲೋ ಕೂತು ಮುಗಿಸಿರಬೇಕು. ಆ ಯಾರೋ ಯಾರು ಅನ್ನೋದು ಕಾಲಕಾಲಕ್ಕೆ ಬದಲಾಗಿದೆ. ಕ್ಯಾಂಪ್‌ಫೈರ್ ಅಡುಗೆಯ ಇತಿಹಾಸ ಅಂದರೆ ನನ್ನ ಪ್ರಕಾರ ಹೆಚ್ಚುಕಮ್ಮಿ ಅದೇ.

ಹುರಿಟ್ಟನ್ನೇ ತಗೊಳ್ಳಿ. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ ಹುರೀಬೇಕು. ಸಾಸಿವೆಯಷ್ಟು ಕಾಳು ಪಟಪಟ ಅಂತ ಬೆಳ್ಳಗೆ ಅರಳುತ್ತೆ. ಅದನ್ನ ಬೀಸೋ ಕಲ್ಲಿಗೆ ಹಾಕಿ ಬೀಸಿ, ಜರಡಿ ಹಿಡಿದರೆ ಹುರಿಟ್ಟು. ಐದಾರು ಸೇರು ಮಾಡೋಕೆ ನಮ್ಮಜ್ಜಿಗೆ ಒಂದು ಇಡೀ ದಿನ ಬೇಕಾಗ್ತಿತ್ತು, ಜೊತೆಗೆ ಬೀಸೋ ಕಲ್ಲಿಗೆ ಇನ್ನೊಬ್ಬರ ಕೈ. ಹೊರಟವರಿಗೆ ಮಾತ್ರ ಎರಡು ನಿಮಿಷದ ಕೆಲಸ. ಬೆಲ್ಲ, ಕೊಬ್ಬರಿ, ಹಾಲು ಹಾಕಿ ಕಲಸಿದರೆ ಸಿಹಿ. ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿದರೆ ಖಾರದ ಊಟ. ಬೆಂಕಿಯೇ ಬೇಡ. ರಾಗಿ ಆಗಲೇ ಬೆಂದಾಗಿದೆ.

ನಮ್ಮ ಕಡೆಯ ದಾರಿಬುತ್ತಿಯೆಲ್ಲ ಇದೇ ಲೆಕ್ಕದ್ದು. ಕುಟ್ಟಿದ ಅವಲಕ್ಕಿ, ಕುದಿಸಿ ಗಟ್ಟಿ ಮಾಡಿಟ್ಟ ಪುಳಿಯೋಗರೆ ಗೊಜ್ಜು, ಹುರಿದು ಪುಡಿ ಮಾಡಿದ ಸಾರಿನ ಪುಡಿ. ಕಷ್ಟವೆಲ್ಲ ಮನೆಯಲ್ಲಿ, ಹೆಂಗಸರ ಪಾಲಿಗೆ. ಸುಲಭವೆಲ್ಲ ದಾರಿಯಲ್ಲಿ, ಹೆಚ್ಚಾಗಿ ಗಂಡಸರ ಪಾಲಿಗೆ.

ಆ ದಾರಿ ಯಾವುದು ಅಂತಲೂ ಹೇಳಬೇಕು. 19ನೇ ಶತಮಾನದ ನಡುವಿನಲ್ಲಿ ಮಂಜರಾಬಾದಿನ ಗುಡ್ಡಗಳಲ್ಲಿ (ಸಕಲೇಶಪುರ ಸೀಮೆಗೆ ಆಗಿನ ಹೆಸರು) ಬಿಳಿಯರ ಕಾಫಿ ತೋಟಗಳು ಎದ್ದವು. ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ಕಾರ್ಖಾನೆಗಳು ಇದ್ದದ್ದು ಮಂಗಳೂರಲ್ಲಿ. ಹಾಗಾಗಿ ಎತ್ತಿನ ಗಾಡಿಗಳು ಸಾಲುಸಾಲಾಗಿ ಕಾಫಿ ಹೇರಿಕೊಂಡು ಘಾಟಿ ಇಳಿದು, ಬರುವಾಗ ಉಪ್ಪು, ಒಣಮೀನು, ಹೆಂಚು ಹೇರಿಕೊಂಡು ಹತ್ತುತ್ತಿದ್ದವು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನೀವು ಹೋಂಸ್ಟೇಯಲ್ಲಿ ಫೋಟೋ ತೆಗೆಯೋ ಹಳೇ ಮನೆಯ ಮಾಡಿನ ಮೇಲೆ ಅಂಥ ಹೆಂಚಿದ್ದರೆ, ಅದು ಗಾಡಿಯಲ್ಲಿ ಘಾಟಿ ಹತ್ತಿ ಬಂದಿರೋ ಸಾಧ್ಯತೆ ಹೆಚ್ಚು. ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ.

ನಮ್ಮ ತಾತನ ಅಪ್ಪ ಈ ಗಾಡಿ ಹೊಡೆದವರು. ತಾತ ಹೇಳೋರು: ರಾತ್ರಿ ಬಿಡಾರದಲ್ಲಿ ಎತ್ತು ಬಿಚ್ಚಿ, ನೀರು ಕುಡಿಸಿ, ಹುಲ್ಲು ಹಾಕಿ ಆದ ಮೇಲೇ ಮನುಷ್ಯರ ಊಟದ ಯೋಚನೆ. ಮೂರು ಕಲ್ಲು, ಒಂದು ಮಡಕೆ, ಒಂದು ಮುದ್ದೆ ಕೋಲು. ನೀರು ಕುದಿಸು, ಹಿಟ್ಟು ಸುರಿ, ಬೇಯಲು ಬಿಡು, ತಿರುವು, ಕಟ್ಟು. ಮಡಕೆ ಇಳಿಸಿದ ಮೇಲೆ ಉಳಿದ ಕೆಂಡದ ಮೇಲೆ ಒಣಮೀನು, ನಾಲ್ಕು ಮೆಣಸಿನಕಾಯಿ ಸುಟ್ಟು, ಉಪ್ಪು ಹುಣಸೆ ಜೊತೆ ಕಿವುಚಿದರೆ ನೆಂಚಿಕೊಳ್ಳೋಕೆ ಗೊಜ್ಜು. ಒಂದೇ ಬೆಂಕಿಯಲ್ಲಿ ಎರಡು ಕೆಲಸ: ಉರಿಯಲ್ಲಿ ಕುದಿಸೋದು, ಕೆಂಡದಲ್ಲಿ ಸುಡೋದು. ನೀವು ಇದೊಂದನ್ನ ನೆನಪಿಟ್ಟುಕೊಂಡರೂ ಸಾಕು. ಟೆಂಟ್ ಹಾಕೋರು ಧಗಧಗ ಉರಿಯೋ ಜ್ವಾಲೆಗೆ ಕೋಳಿ ಹಿಡಿದು, ಹೊರಗೆ ಇದ್ದಿಲು ಒಳಗೆ ಹಸಿ ಮಾಡ್ಕೊಂಡು ತಿನ್ನೋದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಬುತ್ತಿ ಸರಿಯಿಲ್ಲದಿದ್ದರೆ ಏನಾಗುತ್ತೆ ಅಂತ ಕಾರ್ನ್‌ವಾಲಿಸನನ್ನ ಕೇಳಬೇಕಿತ್ತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆ ಬಳಿ ಟಿಪ್ಪುವಿನ ಸೈನ್ಯದ ಮೇಲೆ ಕಾಳಗ ಗೆದ್ದರೂ, ಕೋಟೆಗೆ ಮುತ್ತಿಗೆ ಹಾಕೋಕಾಗದೆ ವಾಪಸ್ ಹೊರಟ. ಮಳೆ ಹಿಡಿದಿತ್ತು, ಎತ್ತುಗಳು ಸಾಯ್ತಿದ್ದವು, ದಂಡಿಗೆ ದವಸ ಇರಲಿಲ್ಲ. ಎಳೆಯೋಕೆ ಎತ್ತಿಲ್ಲದೆ ದೊಡ್ಡ ಫಿರಂಗಿಗಳನ್ನ ತಾವೇ ಹಾಳು ಮಾಡಿ ಬಿಟ್ಟು ಹೋದರು. 1792ರಲ್ಲಿ ಮತ್ತೆ ಬಂದಾಗ ದವಸ ಹೊತ್ತ ಲಂಬಾಣಿಗಳ ಎತ್ತಿನ ಹಿಂಡುಗಳು ಜೊತೆಗಿದ್ದವು. ಆಗಿನ ದಂಡು ಅಂದರೆ ಬರೀ ಸೈನಿಕರಲ್ಲ. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಬಜಾರಿನವರು, ಹೆಂಗಸರು, ಮಕ್ಕಳು ಹಿಂದೆ ನಡೀತಿದ್ದರು. ಕುಟ್ಟಿ ಬೀಸಿ ಬೇಯಿಸೋ ಮನೆಯೇ ಜೊತೆಗೆ ನಡೀತಿತ್ತು ಅನ್ನಿ. ನೀವು ರೀಲ್ಸ್ ಮಾಡೋ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯೂ ಅದೇ 1792ರದ್ದು. ಮಂಗಳೂರಿನ ದಾರಿ ಕಾಯೋಕೆ ಟಿಪ್ಪು ಕಟ್ಟಿಸಿದ್ದು.

ಇನ್ನು ಮ್ಯಾಗಿ. ಬೈಬೇಡಿ, ನಾನೂ ತಿಂತೀನಿ. ಹಾಸ್ಟೆಲ್‌ನಲ್ಲಿ ಬಿಇ ಮುಗಿಸಿದವರು ಮ್ಯಾಗಿಗೆ ಬೈದರೆ ಕೃತಘ್ನತೆ ಆಗುತ್ತೆ. ಆದರೆ ಅದರ ಹುಟ್ಟಿನ ಕತೆ ಕೇಳಿದರೆ ನಮ್ಮಜ್ಜಿಯ ನೆನಪಾಗುತ್ತೆ. 1880ರ ದಶಕದ ಸ್ವಿಟ್ಜರ್ಲೆಂಡ್. ಹೆಂಗಸರು ಕಾರ್ಖಾನೆ ಕೆಲಸಕ್ಕೆ ಹೋಗ್ತಿದ್ದಾರೆ, ಅಡುಗೆಗೆ ಪುರುಸೊತ್ತಿಲ್ಲ, ಬಡವರ ಮನೆಗಳಲ್ಲಿ ಊಟ ಸೊರಗಿದೆ. ಅಲ್ಲಿನ ಒಂದು ಜನಹಿತ ಸಂಘ, ಬೇಗ ಬೇಯೋ, ಅಗ್ಗದ, ಪುಷ್ಟಿಯ ಆಹಾರ ಮಾಡಿಕೊಡಿ ಅಂತ ಜೂಲಿಯಸ್ ಮ್ಯಾಗಿ ಅನ್ನೋ ಹಿಟ್ಟಿನ ಗಿರಣಿ ಮಾಲೀಕನನ್ನ ಕೇಳಿತು. ಅವನು ಮೊದಲು ಮಾಡಿದ್ದು ನೂಡಲ್ಸ್ ಅಲ್ಲ, ಬೇಗ ಬೇಯೋ ಕಾಳಿನ ಹಿಟ್ಟು. 1886ರ ಹೊತ್ತಿಗೆ ಅದರಿಂದ ದಿಢೀರ್ ಸೂಪು. ಅಂದರೆ ಒಂಥರಾ ಹುರಿಟ್ಟೇ, ಅಜ್ಜಿಯ ಬದಲು ಗಿರಣಿ ಮಾಡಿದ್ದು. ಭಾರತಕ್ಕೆ ಮ್ಯಾಗಿ ನೂಡಲ್ಸ್ ಬಂದದ್ದು ಅದಾದ ನೂರು ವರ್ಷಕ್ಕೆ, 1983ರಲ್ಲಿ.

ನಮ್ಮಲ್ಲೂ ಅಷ್ಟರಲ್ಲಿ ಒರಳು, ಬೀಸೋ ಕಲ್ಲಿನ ಕೆಲಸ ಮನೆಯಿಂದ ಹೊರಗೆ ಹೊರಟಿತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳಿಗೆ ಸರ್ಕಾರ ತೀರಾ ಕಡಿಮೆ ದರ ಗೊತ್ತು ಮಾಡಿದಾಗ, ಬೆಂಗಳೂರಿನ ಎಂಟಿಆರ್‌ಗೆ ಹೋಟೆಲ್ ನಡೆಸೋದೇ ಕಷ್ಟವಾಯ್ತು. ಕೆಲಸದವರನ್ನ ಉಳಿಸಿಕೊಳ್ಳೋಕೆ ಅವರು ತಿಂಡಿಗಳ ಮಿಕ್ಸ್ ಪೊಟ್ಟಣ ಮಾಡಿ ಮಾರೋಕೆ ಶುರು ಮಾಡಿದರು. ನಿಮ್ಮ ಬ್ಯಾಗಿನಲ್ಲಿರೋ ರವೆ ಇಡ್ಲಿ ಮಿಕ್ಸ್‌ನ ವಂಶವೃಕ್ಷ ಅಲ್ಲಿಗೆ ಹೋಗುತ್ತೆ. ‘ಬಿಸಿನೀರಲ್ಲಿ ಮುಳುಗಿಸಿ ತಿನ್ನಿ’ ಅನ್ನೋ ಬಿಸಿಬೇಳೆಬಾತ್ ಪೌಚ್‌ನದ್ದು ಇನ್ನೊಂದು ಕತೆ. ಸೈನಿಕರ ಊಟಕ್ಕಾಗಿಯೇ 1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ, ಡಿಎಫ್‌ಆರ್‌ಎಲ್, ಶುರುವಾಯ್ತು. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಹಾಳೆ ಪದರ ಪದರವಾಗಿ ಅಂಟಿಸಿದ ಪೌಚ್‌ಗೆ ಊಟ ತುಂಬಿ, ಸೀಲ್ ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡಲ್ಲ. ಇಂಥ ಪೌಚ್ ಊಟದ ತಂತ್ರಜ್ಞಾನ ಇಲ್ಲಿಂದ ಆಹಾರ ಕಂಪನಿಗಳಿಗೂ ಹೋಯ್ತು. ಕಾರ್ನ್‌ವಾಲಿಸ್ ಸೋತ ಲೆಕ್ಕವನ್ನ, ಶ್ರೀರಂಗಪಟ್ಟಣದಿಂದ ಕೂಗಳತೆ ದೂರದಲ್ಲೇ ಕೂತು ಬಿಡಿಸಿದ ಹಾಗಾಯ್ತು!

ಇಷ್ಟು ಹೇಳಿ ‘ಹಳೇದೇ ಚೆನ್ನಾಗಿತ್ತು’ ಅನ್ನೋಕೆ ನನಗೆ ಮನಸ್ಸಿಲ್ಲ. ಅಜ್ಜಿಯ ಅಂಗೈ ಎಷ್ಟು ಒರಟಾಗಿತ್ತು ಅಂತ ನನಗೆ ನೆನಪಿದೆ. ಈಗ ಅಮ್ಮ ಹುರಿಟ್ಟನ್ನ ಮಿಲ್‌ನಲ್ಲಿ ಹಾಕಿಸ್ತಾರೆ, ಬೀಸೋ ಕಲ್ಲು ಹಿತ್ತಿಲಲ್ಲಿ ಪಾಚಿ ಹಿಡಿದು ಬಿದ್ದಿದೆ. ಅಮ್ಮನಿಗೆ ಅದರ ಬಗ್ಗೆ ಒಂದು ಚೂರೂ ಬೇಜಾರಿಲ್ಲ. ಬೇಜಾರೆಲ್ಲ ಬೆಂಗಳೂರಲ್ಲಿ ಕೂತಿರೋ ನಮ್ಮಂಥವರಿಗೆ. ‘ಅಥೆಂಟಿಕ್ ಮಲ್ನಾಡ್ ಫುಡ್’ ಅನ್ನೋ ಮಾತಂತೂ ಬಿಡಿ. ಕೆಂಡದಲ್ಲಿ ಸುಡೋ ಸಿಹಿಗೆಣಸು, ನಂಜಿಕೊಳ್ಳೋ ಮೆಣಸಿನಕಾಯಿ, ಹಾಸನದ ಹೆಮ್ಮೆಯ ಆಲೂಗಡ್ಡೆ, ಮೂರರ ಮೂಲವೂ ಅಮೆರಿಕ ಖಂಡ. ಅದಕ್ಕೂ ಮೊದಲು ಇಲ್ಲಿ ಖಾರ ಅಂದರೆ ಕಾಳುಮೆಣಸು. ಹೊಸ ಕಾಯಿಗೆ ‘ಮೆಣಸಿನ’ಕಾಯಿ ಅಂತ ಅದರ ಹೆಸರನ್ನೇ ಇಟ್ಟುಕೊಂಡಿದ್ದೀವಿ. ಘಟ್ಟದ್ದೇ ಬೇಕು ಅಂತ ಹಠ ಇದ್ದರೆ ಹಲಸಿನ ಬೀಜ ಸುಟ್ಟು, ಕಾಳುಮೆಣಸು ಉಪ್ಪು ಕುಟ್ಟಿ ಹಾಕ್ಕೊಂಡು ತಿನ್ನಿ. ಬೂದಿ ಮುಚ್ಚಿದ ಕೆಂಡದಲ್ಲಿ ಹೂಳಿ, ಸಿಡೀದ ಹಾಗೆ ಸಿಪ್ಪೆ ಸ್ವಲ್ಪ ಸೀಳಿರಿ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ಶುಕ್ರವಾರ ರಾತ್ರಿ ಮನೆಯಲ್ಲೇ ಕೆಲಸ ಮುಗಿಸಿ, ಮತ್ತು ಆ ಕೆಲಸವನ್ನ ಅಮ್ಮನಿಗೋ ಹೆಂಡತಿಗೋ ಹೇಳದೆ ನೀವೇ ಮಾಡಿ. ರವೆಯನ್ನ ಘಮ್ ಅನ್ನೋ ತನಕ ಹುರಿದು, ಒಗ್ಗರಣೆ ಸಮೇತ ಡಬ್ಬಕ್ಕೆ ತುಂಬಿ. ಅಲ್ಲಿ ಲೋಟ ರವೆಗೆ ಎರಡೂವರೆ ಲೋಟ ನೀರು ಕುದಿಸಿ ಉಪ್ಪು ಹಾಕಿ ಸುರಿದರೆ ಉಪ್ಪಿಟ್ಟು. ಗುಂಡು ಬದನೆಕಾಯಿ ಎರಡು ಕೆಂಡಕ್ಕೆ ಹಾಕಿ, ಸಿಪ್ಪೆ ಸುಲಿದು, ಹಸಿ ಈರುಳ್ಳಿ, ಮೆಣಸಿನಕಾಯಿ, ಮೊಸರು ಹಾಕಿ ಕಿವುಚಿ. ಗೆಣಸನ್ನ ಮೊದಲೇ ಹೂತಿಡಿ, ಮುಕ್ಕಾಲು ಗಂಟೆ ಬೇಕು. ಹುರಿಟ್ಟು ಒಂದು ಡಬ್ಬ ಇರಲಿ, ಮಳೆ ಬಂದು ಬೆಂಕಿ ಹತ್ತದೇ ಹೋದರೆ ಅದೇ ಗತಿ.

ಎಲ್ಲಿ ಬೆಂಕಿ ಹಾಕಬೇಕು ಅನ್ನೋದು ಅಡುಗೆಗಿಂತ ದೊಡ್ಡ ವಿಷಯ. ನಾನು ಚಿಕ್ಕವನಿದ್ದಾಗ ಭತ್ತದ ಗದ್ದೆ ಕಾವಲಿಗೆ ತಾತನ ಜೊತೆ ಹೋಗ್ತಿದ್ದೆ. ರಾತ್ರಿಯೆಲ್ಲ ಅಟ್ಟಣೆ ಕೆಳಗೆ ಬೆಂಕಿ, ಕೆಂಡದಲ್ಲಿ ಏನಾದರೂ ಸುಡ್ತಾ ಇರೋದು. ಆಗ ಹಂದಿ ಕಾಯೋದೇ ದೊಡ್ಡ ಕೆಲಸ. ಈಗ ಆಲೂರು, ಸಕಲೇಶಪುರದ ಉದ್ದಕ್ಕೂ ಆನೆ ಹಿಂಡುಗಳಿವೆ. ಹೈಕೋರ್ಟ್ ನೇಮಿಸಿದ್ದ ಕಾರ್ಯಪಡೆಯ ವರದಿ ಬಂದ ಮೇಲೆ 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನ ಇಲ್ಲಿಂದ ಹಿಡಿದು ಸಾಗಿಸಿದರು. ಜಾಗ ಖಾಲಿ ಉಳಿಯಲಿಲ್ಲ, ಬೇರೆ ಆನೆ ಬಂದವು. ತೋಟಕ್ಕೆ ಹೋದವರು ವಾಪಸ್ ಬರದ ಮನೆಗಳು ಈ ಸುತ್ತಿನಲ್ಲಿವೆ. ನಮ್ಮ ಗದ್ದೆ ಪಾಳು ಬಿದ್ದು ವರ್ಷಗಳಾಯ್ತು, ಕಾವಲಿಗೆ ಹೋಗೋ ಧೈರ್ಯ ಯಾರಿಗಿದೆ?

ಹಾಗಾಗಿ ಗುಡ್ಡದ ಮೇಲೆ ಎಲ್ಲೋ ಟೆಂಟ್ ಹಾಕಿ ಕೂರಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ ಕೂಡ. ಹೋಂಸ್ಟೇ ಅಂಗಳದಲ್ಲಿ, ಮಾಲೀಕರನ್ನ ಕೇಳಿ, ಹಿಂಡು ಇವತ್ತು ಯಾವ ಕಡೆ ಇದೆ ಅಂತ ತಿಳ್ಕೊಂಡು ಒಲೆ ಹೂಡಿ. ಹಲಸು, ಬಾಳೆ, ಉಪ್ಪಿನ ಪೊಟ್ಟಣ ಯಾವುದನ್ನೂ ಟೆಂಟ್ ಒಳಗೆ ಇಟ್ಕೋಬೇಡಿ, ಆನೆಗೆ ವಾಸನೆ ಬಹಳ ದೂರದಿಂದ ಬಡಿಯುತ್ತೆ. ಊಟ ಆದ ಮೇಲೆ ಕೆಂಡಕ್ಕೆ ನೀರು ಸುರಿದು, ಕೋಲಲ್ಲಿ ಕೆದಕಿ, ಮತ್ತೆ ನೀರು ಸುರೀರಿ. ಹತ್ತಿರ ಕೈ ಹಿಡಿದು ನೋಡಿ, ಶಾಖ ಇಲ್ಲ ಅನ್ನಿಸಿದ ಮೇಲೆ ಮಲಗಿ.