ಎರಡು ಬಾಯ್ಲರು, ಒಂದೇ ನೀರು

ನಮ್ಮ ಹಳೆಯ ಮನೆಗಳ ಬಚ್ಚಲಿನಲ್ಲಿ ಹಂಡೆಗೆ ಉರಿ ಹಾಕುವ ಮೊದಲು ಒಳಗೆ ನೀರಿದೆಯೇ ಎಂದು ಇಣುಕಿ ನೋಡುವುದು ವಾಡಿಕೆಯಾಗಿತ್ತು. ಬಾಯಿ ತೆರೆದ ಹಂಡೆ ಬತ್ತಿದರೆ ತಳ ಸುಟ್ಟೀತು, ಮನೆಯಾಕೆಯ ಬೈಗುಳ ಸಿಕ್ಕೀತು, ಅಲ್ಲಿಗೆ ಮುಗಿಯಿತು. ಬಾಯಿ ಮುಚ್ಚಿದ ಹಂಡೆ ಬತ್ತಿದರೆ ಏನಾಗುತ್ತದೆಂಬುದನ್ನು ಪಾಶ್ಚಾತ್ಯ ದೇಶಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸಹಸ್ರಾರು ಜೀವಗಳನ್ನು ತೆತ್ತು ಕಲಿತವು.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ತಾರುಣ್ಯದಲ್ಲಿ ನಾನು ಜವಳಿ ಗಿರಣಿಯೊಂದರ ಬಾಯ್ಲರು ಮನೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದು ರಾತ್ರಿ ಪಾಳಿಯಲ್ಲಿ ತೂಕಡಿಸಿ ಎದ್ದು ನೋಡುತ್ತೇನೆ, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಬರಿದಾಗಿದೆ. ಗಾಬರಿಯಿಂದ ನೀರು ಬಿಡುವ ಚಕ್ರಕ್ಕೆ ಕೈ ಹಾಕಿದೆ. ಮುದುಕ ಮೇಸ್ತ್ರಿ ಓಡಿಬಂದು ನನ್ನ ಮಣಿಕಟ್ಟನ್ನು ಹಿಡಿದೆಳೆದು, "ಮುಟ್ಟಬೇಡವೋ! ಮೊದಲು ಬೆಂಕಿ ಎಳಿ!" ಎಂದು ಕೂಗಿದ. ಇಬ್ಬರೂ ಸೇರಿ ಒಲೆಯ ಕೆಂಡವನ್ನೆಲ್ಲ ಹೊರಕ್ಕೆಳೆದೆವು. ಬೆಳಗಿನವರೆಗೂ ಆತ ನನ್ನೊಡನೆ ಮಾತಾಡಲಿಲ್ಲ.

ಆತ ತಡೆದದ್ದೇಕೆಂಬುದನ್ನು ಹೇಳಬೇಕು. ನೀರು ತಗಲಿರುವವರೆಗೆ ಉಕ್ಕಿನ ತಗಡು ಎಷ್ಟೇ ಉರಿಯನ್ನಾದರೂ ತಾಳುತ್ತದೆ. ನೀರು ಕೆಳಗಿಳಿದರೆ ತಗಡು ಕೆಂಪಗೆ ಕಾದು ಮೆತ್ತಗಾಗುತ್ತದೆ. ಆಗ ಮೇಲೆ ತಣ್ಣೀರು ಬಿದ್ದರೆ ಫಕ್ಕನೆ ಹಬೆ ಎದ್ದು, ತಗಡು ಸಂಕುಚಿಸಿ ಸೀಳಬಹುದು. ಒಮ್ಮೆ ಸೀಳಿತೆಂದರೆ ಒಳಗೆ ಒತ್ತಡದಲ್ಲಿ ಕುದಿಯುತ್ತಿದ್ದ ನೀರಿಗೆ ತಡೆಯೆಂಬುದಿಲ್ಲ. ಒಂದು ಪಾಲು ನೀರು ಸುಮಾರು 1600 ಪಾಲು ಹಬೆಯಾಗುತ್ತದೆ. ಇಟ್ಟಿಗೆಯ ಗೋಡೆ ಅದರ ಮುಂದೆ ಯಾವ ಲೆಕ್ಕ?

ಒಂದೇ ಬಾಯ್ಲರಿನ ಕಷ್ಟ ಇಷ್ಟಾದರೆ ಒಂದಕ್ಕೊಂದು ಕೊಳವೆಯಿಂದ ಬೆಸೆದ ಬಾಯ್ಲರುಗಳದು ಇನ್ನೊಂದು ಬಗೆ. ಅಲ್ಲಿ ನೀರು ಒಟ್ಟಿನಲ್ಲಿ ಸಾಕಷ್ಟಿದ್ದರೂ ಇರಬೇಕಾದ ಕಡೆ ಇಲ್ಲದಿರಬಹುದು. ಅಮೆರಿಕದ ಮಿಸಿಸಿಪಿ ನದಿಯಲ್ಲಿ 'ಸುಲ್ತಾನಾ' ಎಂಬ ಉಗಿದೋಣಿಯಿತ್ತು. ಅದರಲ್ಲಿ ನಾಲ್ಕು ಬಾಯ್ಲರುಗಳು ಸಾಲಾಗಿ ಮಲಗಿದ್ದವು. ನೀರು ಒಂದರಿಂದೊಂದಕ್ಕೆ ಹರಿಯುವಂತಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿದರೆ ತಗ್ಗಿನ ಬಾಯ್ಲರು ತುಂಬಿ, ಎತ್ತರದ್ದು ಬರಿದಾಗುವುದು. ಮತ್ತೆ ನೆಟ್ಟಗಾದರೆ ಕಾದ ತಗಡಿನ ಮೇಲೆ ನೀರು ನುಗ್ಗುವುದು. 376 ಜನರಿಗೆ ಪರವಾನಗಿಯಿದ್ದ ಆ ದೋಣಿಯಲ್ಲಿ 1865ರ ಏಪ್ರಿಲಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನರಿದ್ದರು. ಹೆಚ್ಚಿನವರು ಅಂತರ್ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿ ಮನೆಗೆ ಮರಳುತ್ತಿದ್ದ ಸೈನಿಕರು. ನದಿಯಲ್ಲಿ ಪ್ರವಾಹ, ಜನಭಾರದಿಂದ ದೋಣಿಯ ತಲೆ ಭಾರ, ಸೋರುತ್ತಿದ್ದ ಒಂದು ಬಾಯ್ಲರಿಗೆ ವಿಕ್ಸ್‌ಬರ್ಗಿನಲ್ಲಿ ಅವಸರದಿಂದ ತೆಳ್ಳನೆಯ ತೇಪೆ ಬೇರೆ ಹಾಕಿದ್ದರು. 27ನೆಯ ತಾರೀಖಿನ ನಡುರಾತ್ರಿ ಕಳೆದ ಮೇಲೆ ಮೆಂಫಿಸಿನ ಉತ್ತರಕ್ಕೆ ಬಾಯ್ಲರುಗಳು ಸಿಡಿದವು. ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಸಾವಿರಕ್ಕೆ ಕಡಿಮೆ ಹೇಳುವವರಿಲ್ಲ. ಕಾರಣವನ್ನೂ ತೇಪೆಯ ಮೇಲೆ, ಕೆಸರು ನೀರಿನ ಮೇಲೆ, ವಾಲಾಟದ ಮೇಲೆ ಹಂಚಿಹಾಕಿದರು. ಲಿಂಕನ್ನರ ಕೊಲೆಯಾಗಿ ಎರಡು ವಾರವೂ ಕಳೆದಿರಲಿಲ್ಲ. ಆ ಸುದ್ದಿಯ ಅಬ್ಬರದಲ್ಲಿ ಈ ಬಡ ಸೈನಿಕರ ಸಾವು ಪತ್ರಿಕೆಗಳ ಮೂಲೆ ಸೇರಿತು.

ಬಾಯ್ಲರು ಸಿಡಿಯುವುದು ದೈವೇಚ್ಛೆಯೆಂದು ನಂಬುವವರು ಆ ಕಾಲದಲ್ಲಿ ಬಹಳ ಮಂದಿ. ಒಳಗೆ ಯಾವುದೋ ವಿದ್ಯುಚ್ಛಕ್ತಿ ಹುಟ್ಟುತ್ತದೆ, ನೀರು ಒಡೆದು ಅನಿಲವಾಗುತ್ತದೆ ಎಂದು ವಾದಿಸುತ್ತಿದ್ದ ಪಂಡಿತರೂ ಇದ್ದರು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಕೆಲವು ತರುಣರಿಗೆ ಇದು ಒಪ್ಪಿಗೆಯಾಗಲಿಲ್ಲ. 1854ರಲ್ಲಿ ಅದೇ ಊರಿನ ರೈಲುಗಾಡಿ ಕಾರ್ಖಾನೆಯೊಂದರಲ್ಲಿ ಹೊಚ್ಚಹೊಸ ಬಾಯ್ಲರು ಸಿಡಿದು ಇಪ್ಪತ್ತರ ಆಸುಪಾಸಿನಲ್ಲಿ ಜನ ಸತ್ತಿದ್ದರು. 1857ರಲ್ಲಿ ಆ ತರುಣರು ಪಾಲಿಟೆಕ್ನಿಕ್ ಕ್ಲಬ್ಬೆಂಬ ಸಂಘ ಕಟ್ಟಿ ಚರ್ಚಿಸಿದರು. ಬಾಯ್ಲರು ಸಿಡಿಯುವುದಕ್ಕೆ ಲೌಕಿಕವಾದ ಕಾರಣಗಳುಂಟು, ನಿಯತವಾಗಿ ಪರೀಕ್ಷಿಸಿದರೆ ತಡೆಯಬಹುದು ಎಂಬುದು ಅವರ ನಿಲುವು. ಅದರ ಫಲವಾಗಿ 1866ರಲ್ಲಿ ಹಾರ್ಟ್‌ಫರ್ಡ್ ಸ್ಟೀಮ್ ಬಾಯ್ಲರ್ ಇನ್‌ಸ್ಪೆಕ್ಷನ್ ಅಂಡ್ ಇನ್ಶೂರೆನ್ಸ್ ಕಂಪೆನಿ ಹುಟ್ಟಿತು. ಹೆಸರಿನಲ್ಲಿ ವಿಮೆಗಿಂತ ಮೊದಲು ತಪಾಸಣೆ ಬಂದಿರುವುದನ್ನು ಗಮನಿಸಬೇಕು. ನಷ್ಟ ಕಟ್ಟಿಕೊಡುವುದಕ್ಕಿಂತ ನಷ್ಟವಾಗದಂತೆ ನೋಡುವುದಕ್ಕೇ ಹೆಚ್ಚು ಹಣ ಸುರಿದ ವಿಮಾ ಸಂಸ್ಥೆ ಅದು.

ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲವೆಂಬುದು ಅನೇಕರಿಗೆ ತಿಳಿಯದು. 1863ರಲ್ಲಿ ಕಲ್ಕತ್ತೆಯಲ್ಲಿ ನಡೆದ ಸ್ಫೋಟದ ಮರುವರ್ಷವೇ ಬಂಗಾಳದಲ್ಲಿ ಬಾಯ್ಲರು ತಪಾಸಣೆಯ ಶಾಸನ ಬಂದಿತು. ಇಡೀ ದೇಶಕ್ಕೆ ಅನ್ವಯಿಸುವ ಶಾಸನ 1923ರಲ್ಲಿ ಬಂದಿತು. ಅಮೆರಿಕಕ್ಕೆ ಬುದ್ಧಿ ಕಲಿಸಲು ಇನ್ನೊಂದು ಅನಾಹುತ ಬೇಕಾಯಿತು. ಮ್ಯಾಸಚೂಸೆಟ್ಸಿನ ಬ್ರಾಕ್‌ಟನ್ನಿನ ಷೂ ಕಾರ್ಖಾನೆಯೊಂದರಲ್ಲಿ 1905ರ ಮಾರ್ಚ್ 20ರಂದು, ಹೊಸ ಬಾಯ್ಲರಿಗೆ ಬಿಡುವು ಕೊಟ್ಟು ಹಳೆಯದನ್ನು ಹೊತ್ತಿಸಿದ್ದರು. ಅದು ಸಿಡಿದು ಕಟ್ಟಡದ ಮೂಲಕವೇ ಹಾರಿಹೋಯಿತು. 58 ಜನ ಸತ್ತರು. ಆ ರಾಜ್ಯದ ಬಾಯ್ಲರು ನಿಯಮಗಳು 1907ರಲ್ಲಿ ಬಂದವು.

ಅಷ್ಟರಲ್ಲಿ ಬಾಯ್ಲರು ಕಾರ್ಖಾನೆಯಿಂದ ಮನೆಯ ನೆಲಮಾಳಿಗೆಗೆ ಇಳಿದಿತ್ತು. ಚಳಿ ದೇಶಗಳಲ್ಲಿ ಹಬೆ ಮೇಲಿನ ಕೋಣೆಗಳ ರೇಡಿಯೇಟರುಗಳಿಗೇರಿ, ಶಾಖ ಕೊಟ್ಟು, ನೀರಾಗಿ ಮರಳಿ ಬಾಯ್ಲರಿಗಿಳಿಯುತ್ತದೆ. ಈ ಮರಳುವ ಕೊಳವೆಯನ್ನು ಹಿಂದೆ ನೇರವಾಗಿ ಬಾಯ್ಲರಿನ ತಳಕ್ಕೇ ಸೇರಿಸುತ್ತಿದ್ದರು. ನೆಲದಲ್ಲಿ ಹೂತ ಆ ಕೊಳವೆ ತುಕ್ಕು ಹಿಡಿದು ತೂತಾದರೆ ಬಾಯ್ಲರಿನ ನೀರೆಲ್ಲ ಯಾರಿಗೂ ಕಾಣದಂತೆ ಸೋರಿಹೋಗುತ್ತಿತ್ತು. ಹಿಂದಕ್ಕೆ ಹರಿಯದಂತೆ ಕವಾಟವಿಟ್ಟರೆ ಅದರಲ್ಲಿ ಕಸ ಸಿಕ್ಕಿ ಕೈಕೊಡುತ್ತಿತ್ತು. ಹಾರ್ಟ್‌ಫರ್ಡಿನವರು 1919ರ ಸುಮಾರಿಗೆ ಸಾರಿದ ಉಪಾಯದಲ್ಲಿ ಅಲುಗಾಡುವ ಭಾಗವೇ ಇಲ್ಲ. ಬಾಯ್ಲರಿನ ಹಬೆಯ ಕೊಳವೆಯಿಂದ ತಳಕ್ಕೆ ಒಂದು ಸಮತೂಕದ ಕೊಳವೆ ಇಳಿಬಿಟ್ಟು, ಮರಳುವ ನೀರಿನ ಕೊಳವೆಯನ್ನು ಮೇಲಕ್ಕೆ ಬಾಗಿಸಿ, ನೀರಿನ ಮಟ್ಟಕ್ಕೆ ಸುಮಾರು ಎರಡು ಅಂಗುಲ ಕೆಳಗೆ ಇದಕ್ಕೆ ಜೋಡಿಸಿದರು. ಹೊರಗೆ ಎಲ್ಲಿ ಸೋರಿದರೂ ನೀರು ಆ ಬಾಗಿನವರೆಗೆ ಇಳಿದು ನಿಲ್ಲುತ್ತದೆ. ಆಮೇಲೆ ಅಲ್ಲಿಗೆ ಹಬೆ ನುಗ್ಗಿ ಹರಿವು ಕಡಿಯುತ್ತದೆ. ಇದಕ್ಕೇ ಹಾರ್ಟ್‌ಫರ್ಡ್ ಲೂಪ್ ಎಂದು ಹೆಸರು. ಹಬೆಯಾಗಿ ಮೇಲೇರಿ ಮರಳಿ ಬಾರದ ನೀರಿಗೆ ಮಾತ್ರ ಅದರಲ್ಲಿ ಔಷಧವಿಲ್ಲ.

ಈ ಕಡೆಯ ಮಾತು ನನಗೆ ಅರ್ಥವಾದದ್ದು ನಿವೃತ್ತನಾದ ಮೇಲೆ, ಮ್ಯಾಸಚೂಸೆಟ್ಸಿನಲ್ಲಿ ಮಗನ ಮನೆಗೆ ಹೋದಾಗ. ಅದೊಂದು ಹಳೆಯ ವಠಾರ. ರಾತ್ರಿಯಿಡೀ ಗೋಡೆಯೊಳಗಿನ ಕೊಳವೆಗಳನ್ನು ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು; ರೇಡಿಯೇಟರು ತಣ್ಣಗೆ; ಮೊಮ್ಮಗು ಸ್ವೆಟರಿನೊಳಗೆ ನಡುಗುತ್ತಿತ್ತು. ಹಳೆಯ ಚಟ ಸುಮ್ಮನಿರಬಿಡುವುದೇ? ನೆಲಮಾಳಿಗೆಗೆ ಇಳಿದೆ. ಜೋಡಿ ಬಾಯ್ಲರುಗಳು. ಒಂದು ಉರಿಯುವುದು, ಎರಡನೆಯದು ಕಡುಚಳಿಗೆ ಮಾತ್ರ. ಉರಿಯುವುದರ ಗಾಜಿನಲ್ಲಿ ನೀರು ತಳ ಕಂಡಿತ್ತು. ಸುಮ್ಮನಿದ್ದುದರಲ್ಲಿ ತುದಿಯವರೆಗೆ ತುಂಬಿತ್ತು. ನೀರು ಕಡಿಮೆಯಾದಾಗ ಬೆಂಕಿ ತಾನಾಗಿ ಆರುವ ಏರ್ಪಾಡು ಈಗ ಇರುವುದರಿಂದ ಅಪಾಯವಿರಲಿಲ್ಲ, ಚಳಿಯಿತ್ತು. ಉಸ್ತುವಾರಿಯವನು ಒಂದು ವಾರದಿಂದ ದಿನವೂ ಬೆಳಿಗ್ಗೆ ನೀರು ಬಿಡುತ್ತಿದ್ದನಂತೆ.

ಚದರ ಅಂಗುಲಕ್ಕೆ ಒಂದು ಪೌಂಡು ಒತ್ತಡವೆಂದರೆ ಸುಮಾರು 28 ಅಂಗುಲ ನೀರಿನ ಎತ್ತರ. ಎರಡು ಬಾಯ್ಲರುಗಳ ನಡುವೆ ಎಂಟನೆಯ ಒಂದು ಪೌಂಡು ವ್ಯತ್ಯಾಸವಾದರೆ ನೀರಿನ ಮಟ್ಟ ಮೂರೂವರೆ ಅಂಗುಲ ಹೆಚ್ಚುಕಡಿಮೆಯಾಗುತ್ತದೆ. ಉರಿಯುವ ಬಾಯ್ಲರಿನ ಹಬೆ ತಣ್ಣಗಿದ್ದ ಜೊತೆಗಾರನೊಳಗೆ ಹೊಕ್ಕು ನೀರಾಗಿ ಅಲ್ಲೇ ಕೂರುತ್ತಿತ್ತು. ಅದು ಉಕ್ಕಿ ಹಬೆಯ ಕೊಳವೆ ಸೇರಿದ್ದರಿಂದಲೇ ಆ ಸುತ್ತಿಗೆಯ ಸದ್ದು. ಎರಡಕ್ಕೂ ಪ್ರತ್ಯೇಕವಾಗಿ ಮಟ್ಟ ನೋಡಿ ನೀರುಣಿಸುವ ಪಂಪು ಇಂಥಲ್ಲಿ ಬೇಕು. ಸದ್ಯಕ್ಕೆ ಬೆಂಕಿ ಆರಿಸಿ ಸುಮ್ಮನೆ ಕಾಯೋಣವೆಂದೆ. ಆತ ಅನುಮಾನದಿಂದ ನನ್ನ ಮಫ್ಲರನ್ನೂ ಮುಖವನ್ನೂ ನೋಡಿದ, ಕಡೆಗೆ ಒಪ್ಪಿದ. ಅರ್ಧ ಗಂಟೆಯಲ್ಲಿ ಎರಡು ಗಾಜುಗಳಲ್ಲಿಯೂ ನೀರು ಒಂದೇ ಮಟ್ಟಕ್ಕೆ ಬಂದು ನಿಂತಿತು, ಇರಬೇಕಾದ್ದಕ್ಕಿಂತ ಒಂದು ಗೇಣು ಮೇಲೆ. ಹೆಚ್ಚಾದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮೋರಿಗೆ ಚೆಲ್ಲಿದೆವು. ಆತ ತನ್ನ ಭಾಷೆಯಲ್ಲಿ, ನಾನು ನನ್ನದರಲ್ಲಿ ಗಟ್ಟಿಯಾಗಿ ಎಣಿಸಿದೆವು: ಹದಿನಾಲ್ಕು ಬಕೆಟ್ಟು.